ಟೆನ್ನಿಸ್ ಎಲ್ಬೋ: ಎಳೆದರೆ ಸಾಲದು, ಎತ್ತಲೂ ಬೇಕು

(ಟೆನ್ನಿಸ್ ಎಲ್ಬೋ ಎಂದು ಕರೆಯುವ, ಮೊಣಕೈಯ ಹೊರಬದಿಯ ನೋವಿನ ಕುರಿತು ಫಿಸಿಯೋಥೆರಪಿಸ್ಟ್ ಒಬ್ಬರು ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಕುಳಿತಲ್ಲಿಯೇ ಒಂದು ಸಣ್ಣ ಕೆಲಸ ಮಾಡಿ. ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗವನ್ನು ಮುಂದೋಳು ಎನ್ನೋಣ. ನಿಮ್ಮ ಬಲ ಮುಂದೋಳಿನ ಹೊರಬದಿಯನ್ನು, ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ, ಎಡಗೈಯಿಂದ ಮೆಲ್ಲಗೆ ಹಿಡಿದುಕೊಳ್ಳಿ. ಈಗ ಬಲಗೈ ಮುಷ್ಟಿಯನ್ನು ಬಲವಾಗಿ ಬಿಗಿಯಿರಿ. ಎಡಗೈ ಬೆರಳುಗಳ ಅಡಿಯಲ್ಲಿ ಮಾಂಸಖಂಡ ಗಟ್ಟಿಯಾಯಿತಲ್ಲವೇ? ಮುಷ್ಟಿ ಕಟ್ಟುವುದೆಂದರೆ ಬೆರಳು ಮಡಚುವುದು. ಬೆರಳು ಮಡಚುವ ಮುಖ್ಯ ಸ್ನಾಯುಗಳು ಇರುವುದು ಮುಂದೋಳಿನ ಒಳಬದಿಯಲ್ಲಿ. ಹಾಗಿದ್ದರೆ ಹೊರಬದಿಗೆ ಇಲ್ಲೇನು ಕೆಲಸ?

ಬೆರಳು ಮಡಚುವ ಸ್ನಾಯುಗಳು ಮಣಿಕಟ್ಟನ್ನು ದಾಟಿಕೊಂಡೇ ಬೆರಳುಗಳನ್ನು ತಲುಪುತ್ತವೆ. ಆದ್ದರಿಂದ ಅವು ಎಳೆದಾಗ ಬೆರಳಿನ ಜೊತೆಗೆ ಮಣಿಕಟ್ಟೂ ಒಳಕ್ಕೆ ಬಾಗಲು ಹೊರಡುತ್ತದೆ. ಬಾಗಿಬಿಟ್ಟರೆ ಹಿಡಿತಕ್ಕೆ ಕಸುವೇ ಉಳಿಯುವುದಿಲ್ಲ. ಸಂಶಯವಿದ್ದರೆ ಮಣಿಕಟ್ಟನ್ನು ಪೂರ್ತಿ ಒಳಕ್ಕೆ ಬಾಗಿಸಿಕೊಂಡು ಮುಷ್ಟಿ ಕಟ್ಟಿ ನೋಡಿ, ಬೆರಳುಗಳು ಸೋತುಹೋಗುತ್ತವೆ. ಹಾಗಾಗದಂತೆ ಮಣಿಕಟ್ಟನ್ನು ಹಿಂದಕ್ಕೆ ಹಿಡಿದು ನಿಲ್ಲಿಸುವ ಕೆಲಸ ಹೊರಬದಿಯ ಸ್ನಾಯುಗಳದ್ದು. ಕಪ್ ಎತ್ತುವಾಗ, ಬಟ್ಟೆ ಹಿಂಡುವಾಗ, ಸ್ಕ್ರೂಡ್ರೈವರ್ ತಿರುಗಿಸುವಾಗ, ಕೈಕುಲುಕುವಾಗ ಅವು ದುಡಿಯುತ್ತಲೇ ಇರುತ್ತವೆ. ನೋವಿರುವವರು ‘ಏನನ್ನೂ ಹಿಡಿಯಲಾಗುತ್ತಿಲ್ಲ’ ಎಂದು ದೂರುತ್ತಾರೆಯೇ ಹೊರತು ‘ಮೊಣಕೈ ಮಡಚಲಾಗುತ್ತಿಲ್ಲ’ ಎನ್ನುವುದು ಅಪರೂಪ. ಏಕೆಂದರೆ ಕೀಲು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಸೋತಿರುವುದು ಹಿಡಿತಕ್ಕೆ ಆಸರೆಯಾಗಿ ನಿಲ್ಲುವ ಸ್ನಾಯುವಿನ ಬುಡ.

ಈ ಸ್ನಾಯುಗಳಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದು ಒಂದೇ. ಅದರ ಹೆಸರು ಎಕ್ಸ್‌ಟೆನ್ಸರ್ ಕಾರ್ಪೈ ರೇಡಿಯಾಲಿಸ್ ಬ್ರೆವಿಸ್. ಹೆಸರನ್ನು ನೆನಪಿಡಬೇಕಾಗಿಲ್ಲ, ಅದು ಸಾಗುವ ದಾರಿಯನ್ನು ನೆನಪಿಡಿ. ಮೊಣಕೈಯ ಹೊರಬದಿಯಲ್ಲಿ ಕೈಗೆ ಸಿಗುವ ಮೂಳೆಯ ಉಬ್ಬಿನಲ್ಲಿ ಹೊರಟು, ಮುಂದೋಳಿನ ಉದ್ದಕ್ಕೂ ಇಳಿದು, ನಡುಬೆರಳಿನ ಹಿಂದಿರುವ ಹಸ್ತದ ಮೂಳೆಯ ಬುಡಕ್ಕೆ ಅದು ಅಂಟಿಕೊಳ್ಳುತ್ತದೆ. ಅಂದರೆ ಮೊಣಕೈ, ಮಣಿಕಟ್ಟು ಎರಡೂ ಕೀಲುಗಳನ್ನು ದಾಟುತ್ತದೆ. ಅದನ್ನು ಸರಿಯಾಗಿ ಎಳೆಯಬೇಕಾದರೆ ಎರಡೂ ಕಡೆಯಿಂದ ಎಳೆಯಬೇಕೆನ್ನುವುದು ಇಲ್ಲಿಯೇ ತಿಳಿಯುತ್ತದೆ.

ಇದು ಹಳೆಯ ಕಾಯಿಲೆ. 1873ರಲ್ಲಿ ರುಂಗೆ ಎಂಬ ಜರ್ಮನ್ ವೈದ್ಯರು ಇದನ್ನು ಮೊದಲು ವಿವರಿಸಿದ್ದು ಬರವಣಿಗೆಯಿಂದ ಕೈ ನೊಂದವರ ಸಂದರ್ಭದಲ್ಲಿ. ಇಂಗ್ಲೆಂಡಿನ ವೈದ್ಯಕೀಯ ಪತ್ರಿಕೆಗಳು ಇದನ್ನು ಲಾನ್ ಟೆನ್ನಿಸ್‌ಗೆ ತಳುಕು ಹಾಕಿದ್ದು ಮುಂದಿನ ದಶಕದಲ್ಲಿ. ಸಚಿನ್ ತೆಂಡೂಲ್ಕರ್ 2004ರಲ್ಲಿ ಇದೇ ನೋವಿನಿಂದ ಆಟದಿಂದ ಹೊರಗುಳಿದು, ಮರುವರ್ಷ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ವಯಸ್ಕರಲ್ಲಿ ನೂರಕ್ಕೆ ಒಬ್ಬರಿಂದ ಮೂವರಿಗೆ ಇದು ಬರುತ್ತದೆ. 35ರಿಂದ 54ರ ವಯಸ್ಸಿನವರಲ್ಲಿ, ಹೆಚ್ಚು ಬಳಸುವ ಕೈಯಲ್ಲಿ ಕಾಣಿಸಿಕೊಳ್ಳುವುದು ವಾಡಿಕೆ. ಧೂಮಪಾನಿಗಳಲ್ಲಿ ಹೆಚ್ಚು. ಇವರಲ್ಲಿ ಬಹುತೇಕರು ರಾಕೆಟ್ ಹಿಡಿದವರೇ ಅಲ್ಲ.

ಇನ್ನು ಒಳಗೆ ಆಗಿರುವುದೇನು? ಬಹಳ ಕಾಲ ವೈದ್ಯರೂ ಇದನ್ನು ಉರಿಯೂತವೆಂದೇ ನಂಬಿದ್ದರು. 1979ರಲ್ಲಿ ಅಮೆರಿಕದ ನಿರ್ಶ್ಲ್ ಮತ್ತು ಪೆಟ್ರೋನ್ ಎಂಬ ಶಸ್ತ್ರಚಿಕಿತ್ಸಕರು ತಾವು ಕತ್ತರಿಸಿ ತೆಗೆದ ಅಂಗಾಂಶವನ್ನು ಪರೀಕ್ಷಿಸಿ ಬರೆದ ಲೇಖನ ಆ ನಂಬಿಕೆಯನ್ನು ಅಲುಗಾಡಿಸಿತು. ದೀರ್ಘಕಾಲದ ನೋವಿನಲ್ಲಿ ಉರಿಯೂತದ ಜೀವಕೋಶಗಳು ಅಲ್ಲಿ ಅಷ್ಟಾಗಿ ಸಿಗುವುದೇ ಇಲ್ಲ. ಸಿಗುವುದು ಅಸ್ತವ್ಯಸ್ತಗೊಂಡ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು, ಹೊಸದಾಗಿ ಹುಟ್ಟಿದ ಬೇಡದ ರಕ್ತನಾಳಗಳು. ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗೆ ಸ್ನಾಯುರಜ್ಜು ಎನ್ನುತ್ತಾರೆ. ಆರೋಗ್ಯವಂತ ಸ್ನಾಯುರಜ್ಜಿನಲ್ಲಿ ಎಳೆಗಳು ಚೆನ್ನಾಗಿ ಹೊಸೆದ ಹಗ್ಗದಂತೆ ಒಂದೇ ದಿಕ್ಕಿಗೆ ಸಾಲಾಗಿ ಇರುತ್ತವೆ. ಇಲ್ಲಿ ಅವು ಬಿಚ್ಚಿ, ಸಿಕ್ಕಾಗಿ, ದಿಕ್ಕು ತಪ್ಪಿರುತ್ತವೆ. ಸ್ನಾಯುರಜ್ಜು ದುರಸ್ತಿಯಾಗದೇ ಇಲ್ಲ, ಆದರೆ ಬಹಳ ನಿಧಾನ. ಅದರ ಜೀವಕೋಶಗಳು ತಮ್ಮ ಮೇಲೆ ಬೀಳುವ ಭಾರವನ್ನು ಗ್ರಹಿಸಿ, ಅದಕ್ಕೆ ತಕ್ಕಂತೆ ಹೊಸ ಎಳೆಗಳನ್ನು ಕಟ್ಟುತ್ತವೆ. ಭಾರ ಮಿತಿಮೀರಿದರೂ ಕೆಡುಕು, ಇಲ್ಲವೇ ಇಲ್ಲವಾದರೂ ಕೆಡುಕು. ‘ಮೂರು ತಿಂಗಳಿಂದ ಕೈಗೆ ಪೂರ್ತಿ ವಿಶ್ರಾಂತಿ ಕೊಟ್ಟೆ, ಆದರೂ ಹೋಗಲಿಲ್ಲ’ ಎಂದು ಬರುವವರು ಅನೇಕರು. ಹೋಗದಿರುವುದಕ್ಕೆ ಆ ಪೂರ್ತಿ ವಿಶ್ರಾಂತಿಯ ಪಾಲೂ ಇದೆ.

ಈಗ ನೀವು ಕೇಳಲು ಬಂದಿರುವ ಸ್ಟ್ರೆಚಿಂಗ್, ಅಂದರೆ ಸ್ನಾಯುವನ್ನು ಎಳೆದು ಹಿಡಿಯುವ ವ್ಯಾಯಾಮದ ವಿಷಯ. ಮೊದಲು ಕ್ರಮ ಹೇಳುತ್ತೇನೆ, ಅದರ ಯೋಗ್ಯತೆಯನ್ನು ಆಮೇಲೆ ಚರ್ಚಿಸೋಣ.

ನೋವಿರುವ ಕೈಯನ್ನು ಭುಜದ ಎತ್ತರಕ್ಕಿಂತ ತುಸು ಕೆಳಗೆ ಮುಂದಕ್ಕೆ ಚಾಚಿ. ಮೊಣಕೈ ನೆಟ್ಟಗಿರಲಿ, ಅಂಗೈ ನೆಲದ ಕಡೆಗಿರಲಿ. ಮಣಿಕಟ್ಟನ್ನು ಸಡಿಲ ಬಿಟ್ಟು ಹಸ್ತ ಕೆಳಕ್ಕೆ ಜೋತುಬೀಳಲಿ. ಇನ್ನೊಂದು ಕೈಯಿಂದ ಹಸ್ತದ ಹಿಂಬದಿಯನ್ನು ಹಿಡಿದು ನಿಮ್ಮ ಮೈಯತ್ತ ಮೆಲ್ಲಗೆ ಒತ್ತಿ, ಜೊತೆಗೆ ತುಸು ಕಿರುಬೆರಳಿನ ಕಡೆಗೆ ವಾಲಿಸಿ. ಮುಂದೋಳಿನ ಮೇಲ್ಭಾಗದ ಮಾಂಸಖಂಡದಲ್ಲಿ ಬಿಗಿತ ಅನ್ನಿಸಿದ ಕೂಡಲೇ ನಿಲ್ಲಿಸಿ. ಅಲ್ಲಿಯೇ 20ರಿಂದ 30 ಸೆಕೆಂಡ್ ಹಿಡಿಯಿರಿ, ಉಸಿರು ಕಟ್ಟಬೇಡಿ. ಹೀಗೆ ಮೂರು ಸಲ, ದಿನಕ್ಕೆ ಎರಡು ಹೊತ್ತು ಮಾಡಿದರೆ ಧಾರಾಳವಾಯಿತು.

ಇದರಲ್ಲಿ ಜನ ಎಡವುವುದು ಎಲ್ಲಿ? ಮೊದಲನೆಯದು ಮೊಣಕೈ. ಹಸ್ತವನ್ನು ಒತ್ತುತ್ತಿದ್ದಂತೆ ಗೊತ್ತಿಲ್ಲದೆ ಮೊಣಕೈ ಮಡಚಿಕೊಳ್ಳುತ್ತದೆ, ಸ್ನಾಯುವಿನ ಮೇಲಿನ ತುದಿ ಸಡಿಲವಾಗುತ್ತದೆ, ಮಾಡಿದ್ದೆಲ್ಲ ಮಣಿಕಟ್ಟಿಗಷ್ಟೇ ಸಲ್ಲುತ್ತದೆ. ಎರಡನೆಯದು ಭುಜವನ್ನು ಕಿವಿಯತ್ತ ಎತ್ತುವುದು. ಮೂರನೆಯದು, ನನಗೆ ಅತಿ ಹೆಚ್ಚು ಸಿಟ್ಟು ಬರಿಸುವುದು, ಜಗ್ಗಿ ಜಗ್ಗಿ ಎಳೆಯುವುದು. ಮೂಳೆಯ ಉಬ್ಬಿನ ಮೇಲೆ ಚುಚ್ಚಿದಂತೆ ನೋವಾದರೆ ಅದನ್ನು ‘ವ್ಯಾಯಾಮ ಹಿಡಿಯುತ್ತಿದೆ’ ಎಂದು ಕೆಲವರು ಸಂತೋಷಪಡುತ್ತಾರೆ. ಬಿಗಿತ ಮಾಂಸಖಂಡದಲ್ಲಿ ಕಾಣಬೇಕು. ಮೂಳೆಯ ಹತ್ತಿರ ಚುಚ್ಚಿದರೆ ಅದು ನಿಲ್ಲಿಸಿ ಎಂಬ ಸೂಚನೆ.

ಇದಕ್ಕಿಂತ ನನಗೆ ಹೆಚ್ಚು ಹಿಡಿಸುವ ಇನ್ನೊಂದು ವಿಧಾನವಿದೆ. ಇದೇ ಭಂಗಿಯಲ್ಲಿ, ಎಳೆಯುವ ಮೊದಲು, ನೋಯುವ ಕೈಯ ಹಸ್ತವನ್ನು ಮೇಲಕ್ಕೆತ್ತಲು ಯತ್ನಿಸಿ. ಇನ್ನೊಂದು ಕೈ ಅದನ್ನು ಕದಲಗೊಡದೆ ತಡೆಯಲಿ. ಹತ್ತು ಸೆಕೆಂಡ್ ಆದ ಮೇಲೆ ಪೂರ್ತಿ ಸಡಿಲಿಸಿ, ಒಂದೆರಡು ಸೆಕೆಂಡ್ ಬಿಟ್ಟು ಈಗ ಎಳೆಯಿರಿ. ಸ್ನಾಯು ಮೊದಲಿಗಿಂತ ಸಲೀಸಾಗಿ ಬಿಟ್ಟುಕೊಡುತ್ತದೆ. ಬಿಗಿದು, ಸಡಿಲಿಸಿ, ಎಳೆಯುವ ಈ ಕ್ರಮವನ್ನೇ ಸ್ವೀಡನ್ನಿನ ಸೊಲ್ವೆಬೋರ್ನ್ ಅವರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮುಂದೋಳಿಗೆ ಕಟ್ಟುವ ಪಟ್ಟಿಯ ಜೊತೆ ಹೋಲಿಸಿ ನೋಡಿದ್ದರು. ಎರಡೂ ಗುಂಪಿನವರು ಸುಧಾರಿಸಿದರು, ಸ್ಟ್ರೆಚಿಂಗ್ ಮಾಡಿದವರು ಹೆಚ್ಚು ಸುಧಾರಿಸಿದರು.

ಸ್ಟ್ರೆಚಿಂಗ್‌ನಿಂದ ಸ್ನಾಯು ಉದ್ದವಾಗುತ್ತದೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಕೆಲವು ವಾರಗಳ ಸ್ಟ್ರೆಚಿಂಗ್‌ನಲ್ಲಿ ಮುಖ್ಯವಾಗಿ ಬದಲಾಗುವುದು ಉದ್ದವಲ್ಲ, ಸಹನೆ. ಮೊದಲು ಇಂತಿಷ್ಟು ಎಳೆದರೆ ‘ಸಾಕು’ ಎನ್ನುತ್ತಿದ್ದ ನರಮಂಡಲ ಈಗ ಇನ್ನಷ್ಟು ಎಳೆಯಲು ಒಪ್ಪುತ್ತದೆ. ಇದು ಕಡಿಮೆ ಲಾಭವೇನಲ್ಲ. ನೋಯುತ್ತಿರುವ ಕೈಯನ್ನು ನಾವು ಇಡೀ ದಿನ ಬಿಗಿಹಿಡಿದೇ ಓಡಾಡುತ್ತೇವೆ. ಆ ಬಿಗಿ ಸಡಿಲವಾದರೆ ರಜ್ಜಿನ ಬುಡದ ಮೇಲಿನ ನಿರಂತರ ಜಗ್ಗಾಟ ತಗ್ಗುತ್ತದೆ. ಬೆಳಿಗ್ಗೆ ಎದ್ದಾಗಿನ ಪೆಡಸುತನ ಹೋಗುತ್ತದೆ. ಕೈಯನ್ನು ಬಳಸುವ ಧೈರ್ಯ ಬರುತ್ತದೆ. ಆದರೆ ದಿಕ್ಕು ತಪ್ಪಿದ ಎಳೆಗಳನ್ನು ಮತ್ತೆ ಸಾಲಿಗೆ ತರುವಷ್ಟು ಕೆಲಸವನ್ನು ಅರ್ಧ ನಿಮಿಷದ ಹಗುರ ಎಳೆತದಿಂದ ನಾನು ನಿರೀಕ್ಷಿಸುವುದಿಲ್ಲ.

ಜೊತೆಗೆ ಒಂದು ತೊಡಕೂ ಇದೆ. ಮೊಣಕೈ ನೆಟ್ಟಗೆ, ಅಂಗೈ ಕೆಳಗೆ ಎಂದೆನಲ್ಲ, ಆ ಭಂಗಿಯಲ್ಲಿ ನಮ್ಮ ಸ್ನಾಯುರಜ್ಜಿನ ಅಡಿಭಾಗ ಕೀಲಿನ ಹೊರಅಂಚಿನ ಮೂಳೆಗೆ ಒತ್ತಿಕೊಳ್ಳುತ್ತದೆ. ಮೂಳೆಗೆ ಅಂಟುವ ಜಾಗದಲ್ಲಿ ರಜ್ಜು ಎಳೆತವನ್ನು ತಾಳಿಕೊಳ್ಳುವಷ್ಟು ಚೆನ್ನಾಗಿ ಅದುಮುವಿಕೆಯನ್ನು ತಾಳಿಕೊಳ್ಳುವುದಿಲ್ಲ. ನೋವು ಹೊಸದಾಗಿ ಕೆರಳಿರುವಾಗ ಜೋರಾಗಿ ಸ್ಟ್ರೆಚಿಂಗ್ ಮಾಡಿ ಇನ್ನಷ್ಟು ನರಳುವವರಿದ್ದಾರೆ, ಕಾರಣ ಇದೇ ಇರಬಹುದು. ಅಂಥವರಿಗೆ ನಾನು ಮೊದಲ ಒಂದೆರಡು ವಾರ ಮೊಣಕೈಯನ್ನು ಅರ್ಧ ಮಡಚಿಕೊಂಡೇ ಹಗುರವಾಗಿ ಮಾಡಿ ಎನ್ನುತ್ತೇನೆ, ಅಥವಾ ಸದ್ಯಕ್ಕೆ ಬಿಟ್ಟೇಬಿಡಿ ಎನ್ನುತ್ತೇನೆ. ಸ್ಟ್ರೆಚಿಂಗ್ ಬಿಟ್ಟರೆ ಗುಣವಾಗುವುದಿಲ್ಲ ಎಂಬ ಹೆದರಿಕೆ ಬೇಡ.

ಅಧ್ಯಯನಗಳು ಏನನ್ನುತ್ತವೆ? 2001ರಲ್ಲಿ ಸ್ವೀಡನ್ನಿನ ಸ್ವೆರ್ನ್‌ಲೋವ್ ಮತ್ತು ಅಡಾಲ್ಫ್‌ಸನ್ ಸ್ಟ್ರೆಚಿಂಗನ್ನು ಭಾರ ಇಳಿಸುವ, ಅಂದರೆ ಕೈಯಲ್ಲಿ ಭಾರ ಹಿಡಿದು ಹಸ್ತವನ್ನು ನಿಧಾನವಾಗಿ ಕೆಳಗಿಳಿಸುವ ವ್ಯಾಯಾಮದ ಜೊತೆ ಹೋಲಿಸಿದರು. ಸಣ್ಣ ಅಧ್ಯಯನ, ಭಾರ ಇಳಿಸಿದವರೇ ಮುಂದಿದ್ದರು. 2005ರಲ್ಲಿ ಅಮೆರಿಕದಲ್ಲಿ ಮಾರ್ಟಿನೆಝ್-ಸಿಲ್ವೆಸ್ಟ್ರಿನಿ ಮತ್ತು ಸಂಗಡಿಗರು 94 ಜನರನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಸ್ಟ್ರೆಚಿಂಗ್ ಮಾತ್ರ, ಉಳಿದ ಎರಡಕ್ಕೆ ಸ್ಟ್ರೆಚಿಂಗ್ ಜೊತೆ ಎರಡು ಬಗೆಯ ಭಾರದ ವ್ಯಾಯಾಮ ಕೊಟ್ಟರು. ಆರು ವಾರಗಳ ನಂತರ ಮೂರೂ ಗುಂಪುಗಳು ಸುಧಾರಿಸಿದ್ದವು. ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ! ಭಾರದ ಪರ ವಾದಿಸುವ ನನ್ನಂಥವರು ಇದನ್ನು ಮುಚ್ಚಿಡಬಾರದು. ನನ್ನ ಓದು ಹೀಗಿದೆ: ಸ್ನಾಯುರಜ್ಜಿನ ಲೆಕ್ಕದಲ್ಲಿ ಆರು ವಾರ ತೀರಾ ಕಡಿಮೆ. ಆ ಅವಧಿಯಲ್ಲಿ ತಗ್ಗುವುದು ನೋವು. ತಾಳುವ ಶಕ್ತಿ ಬರಲು ತಿಂಗಳುಗಳೇ ಬೇಕು. ಈ ಮಾತಿಗೆ ನೀವು ಒಪ್ಪಲೇಬೇಕೆಂದಿಲ್ಲ. ಸ್ಟ್ರೆಚಿಂಗ್ ಒಂದನ್ನೇ ಮಾಡಿ ಹಾಯಾಗಿರುವವರನ್ನು ನಾನು ಕಂಡಿದ್ದೇನೆ, ಅವರನ್ನು ಹಿಡಿದು ಡಂಬೆಲ್ ಕೊಡುವ ಹಟ ನನಗಿಲ್ಲ. ಆದರೆ ಮತ್ತೆ ಮತ್ತೆ ಮರುಕಳಿಸುತ್ತದೆ ಎನ್ನುವವರನ್ನು ಕೇಳಿದರೆ ಅವರು ಮಾಡಿರುವುದು ಬಹುಪಾಲು ಸ್ಟ್ರೆಚಿಂಗ್ ಮಾತ್ರವೇ ಆಗಿರುತ್ತದೆ.

ಭಾರದ ವ್ಯಾಯಾಮ ಹೇಗೆ? ಮೊದಲ ಹಂತದಲ್ಲಿ ಚಲನೆ ಬೇಡ. ಮುಂದೋಳನ್ನು ಮೇಜಿನ ಮೇಲೆ ಅಂಗೈ ಕೆಳಗಾಗಿ ಇಟ್ಟು, ಹಸ್ತ ಮಾತ್ರ ಅಂಚಿನಿಂದ ಹೊರಗಿರಲಿ. ಹಸ್ತವನ್ನು ನೇರವಾಗಿ ಹಿಡಿದು, ಇನ್ನೊಂದು ಕೈಯಿಂದ ಅದನ್ನು ಕೆಳಕ್ಕೆ ಒತ್ತಿ. ನೋಯುವ ಕೈ ಕದಲದೆ ಎದುರು ನಿಲ್ಲಲಿ. 30ರಿಂದ 45 ಸೆಕೆಂಡ್, ನಡುವೆ ಬಿಡುವು ಕೊಟ್ಟು ನಾಲ್ಕೈದು ಸಲ. ಇದು ಸಲೀಸಾದ ಮೇಲೆ ಅರ್ಧ ಕೆ.ಜಿ.ಯ ಡಂಬೆಲ್ ಅಥವಾ ನೀರು ತುಂಬಿದ ಸಣ್ಣ ಬಾಟಲಿ ಹಿಡಿಯಿರಿ. ಒಳ್ಳೆಯ ಕೈಯ ನೆರವಿನಿಂದ ಹಸ್ತವನ್ನು ಮೇಲಕ್ಕೆತ್ತಿ, ನೆರವು ಬಿಟ್ಟು, ಮನಸ್ಸಿನಲ್ಲಿ ಐದರವರೆಗೆ ಎಣಿಸುತ್ತ ನಿಧಾನವಾಗಿ ಕೆಳಗಿಳಿಸಿ. ಹದಿನೈದು ಸಲ, ಒಂದು ನಿಮಿಷ ಬಿಡುವು, ಹೀಗೆ ಮೂರು ಸುತ್ತು. ಸುಲಭವೆನಿಸತೊಡಗಿದಾಗ ಭಾರವನ್ನು ತುಸು ಏರಿಸಿ, ನೆರವಿಲ್ಲದೆ ಎತ್ತುವುದನ್ನೂ ಸೇರಿಸಿ. ರಬ್ಬರಿನ ದಪ್ಪ ಕೋಲನ್ನು ತಿರುಚಿ, ನೋಯುವ ಕೈಯಿಂದ ನಿಧಾನವಾಗಿ ಬಿಚ್ಚಿಕೊಳ್ಳಲು ಬಿಡುವ ವಿಧಾನವೂ ಇದೆ. 2010ರಲ್ಲಿ ಟೈಲರ್ ಮತ್ತು ಸಂಗಡಿಗರು ಪ್ರಕಟಿಸಿದ ಪುಟ್ಟ ಅಧ್ಯಯನದ ನಂತರ ಅದು ಜನಪ್ರಿಯವಾಯಿತು. ತತ್ತ್ವ ಒಂದೇ, ಕೋಲು ಇಲ್ಲವೆಂದು ಕೊರಗಬೇಕಾಗಿಲ್ಲ.

ನೋವಾದರೆ ಏನು ಮಾಡಬೇಕು? ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟುಕೊಳ್ಳಿ. ವ್ಯಾಯಾಮದ ಹೊತ್ತಿನಲ್ಲಿ ಮೂರು, ನಾಲ್ಕರಷ್ಟು ನೋವು ಇದ್ದರೆ ಪರವಾಗಿಲ್ಲ, ಮರುದಿನ ಬೆಳಿಗ್ಗೆಗೆ ಅದು ಹಿಂದಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಭಾರ ಕಡಿಮೆ ಮಾಡಿ. ವ್ಯಾಯಾಮವನ್ನೇ ಬಿಟ್ಟುಬಿಡುವುದು ಕೊನೆಯ ಉಪಾಯವಾಗಿರಲಿ.

ಸಭೆಯ ನಡುವಿನಿಂದ ಒಬ್ಬರು ಕೇಳುತ್ತಿದ್ದಾರೆ, ಇಷ್ಟೆಲ್ಲ ಪಾಡು ಪಡುವ ಬದಲು ಒಂದು ಸ್ಟೀರಾಯ್ಡ್ ಚುಚ್ಚುಮದ್ದು ತೆಗೆದುಕೊಂಡರೆ ಆಗದೇ ಎಂದು. ಇದಕ್ಕೆ ಅಂಕಿಗಳಲ್ಲೇ ಉತ್ತರ ಹೇಳುತ್ತೇನೆ. ನೆದರ್‌ಲ್ಯಾಂಡ್ಸ್‌ನಲ್ಲಿ ಸ್ಮಿಟ್ ಮತ್ತು ಸಂಗಡಿಗರು 185 ರೋಗಿಗಳನ್ನು ಮೂರು ಗುಂಪು ಮಾಡಿ, ಚುಚ್ಚುಮದ್ದು, ಫಿಸಿಯೋಥೆರಪಿ, ಸುಮ್ಮನೆ ಕಾದು ನೋಡುವುದು ಇವುಗಳನ್ನು ಹೋಲಿಸಿ 2002ರಲ್ಲಿ ಪ್ರಕಟಿಸಿದರು. ಆರನೆಯ ವಾರದಲ್ಲಿ ಚುಚ್ಚುಮದ್ದಿನವರಲ್ಲಿ ಶೇ. 92 ಮಂದಿಗೆ ಗುಣ ಕಂಡಿತ್ತು, ಫಿಸಿಯೋಥೆರಪಿಯವರಲ್ಲಿ ಶೇ. 47, ಕಾದು ಕುಳಿತವರಲ್ಲಿ ಶೇ. 32. ಅಲ್ಲಿಗೇ ಓದು ನಿಲ್ಲಿಸಿದರೆ ಎಲ್ಲರೂ ಚುಚ್ಚುಮದ್ದಿಗೇ ಸಾಲು ನಿಲ್ಲಬೇಕು. ಒಂದು ವರ್ಷದ ನಂತರ? ಚುಚ್ಚುಮದ್ದಿನವರು ಶೇ. 69ಕ್ಕೆ ಇಳಿದಿದ್ದರು, ಫಿಸಿಯೋಥೆರಪಿಯವರು ಶೇ. 91ಕ್ಕೆ ಏರಿದ್ದರು. 2006ರಲ್ಲಿ ಆಸ್ಟ್ರೇಲಿಯಾದ ಬಿಸೆಟ್ ಮತ್ತು ಸಂಗಡಿಗರ ಅಧ್ಯಯನದಲ್ಲೂ ಚುಚ್ಚುಮದ್ದಿನಿಂದ ಬೇಗ ಸುಧಾರಿಸಿದವರಲ್ಲಿ ಶೇ. 72 ಮಂದಿಗೆ ನೋವು ಮರುಕಳಿಸಿತ್ತು. ಮದುವೆಯೋ ಪರೀಕ್ಷೆಯೋ ಎದುರಿಗಿದ್ದು, ಕೆಲವು ವಾರಗಳ ನೆಮ್ಮದಿ ಸಾಕೆಂದರೆ ವೈದ್ಯರ ಜೊತೆ ಮಾತಾಡಿ ನಿರ್ಧರಿಸಿ. ಉಳಿದವರಿಗೆ ನಾನದನ್ನು ಸೂಚಿಸುವುದಿಲ್ಲ.

ಸ್ಮಿಟ್ ಅವರ ಮೂರನೆಯ ಗುಂಪನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡೆ. ಸುಮ್ಮನೆ ಕಾದವರಲ್ಲಿ ವರ್ಷದ ಕೊನೆಗೆ ಶೇ. 83 ಮಂದಿ ಗುಣವಾಗಿದ್ದರು. ನಮ್ಮ ವೃತ್ತಿಯವರು ಸಭೆಗಳಲ್ಲಿ 91 ಎಂಬ ಅಂಕಿಯನ್ನು ಎತ್ತಿ ಹೇಳಿ 83ನ್ನು ನುಂಗಿಕೊಳ್ಳುವುದುಂಟು. ಹೌದು, ಈ ನೋವು ಬಹುತೇಕರಿಗೆ ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಹೋಗುತ್ತದೆ. ಹಾಗಾದರೆ ವ್ಯಾಯಾಮವೇಕೆ? ಆ ಒಂದು ವರ್ಷ ನೀವು ಕೈಯನ್ನು ಹೇಗೆ ಬಳಸುತ್ತೀರಿ ಎನ್ನುವುದಕ್ಕಾಗಿ. ಬಡಗಿ, ಟೈಪಿಂಗ್ ಮಾಡುವವರು, ಮಗುವನ್ನು ಎತ್ತಿಕೊಳ್ಳುವ ತಾಯಿ ಇವರಿಗೆಲ್ಲ ಹನ್ನೆರಡು ತಿಂಗಳು ಕಾಯಿರಿ ಎನ್ನುವುದು ಸುಲಭದ ಮಾತಲ್ಲ.

ಆ ಅವಧಿಯನ್ನು ಸಹ್ಯವಾಗಿಸುವ ಒಂದು ಉಪಾಯ ವ್ಯಾಯಾಮಕ್ಕಿಂತಲೂ ಬೇಗ ಫಲ ಕೊಡುತ್ತದೆ. ಯಾವುದನ್ನೇ ಎತ್ತುವಾಗ ಅಂಗೈ ಮೇಲ್ಮುಖವಾಗಿರಲಿ, ಮೊಣಕೈ ಮಡಚಿ ಮೈಗೆ ಹತ್ತಿರವಿರಲಿ. ಅಂಗೈ ಮೇಲಾದರೆ ಮಣಿಕಟ್ಟನ್ನು ಹಿಡಿದು ನಿಲ್ಲಿಸುವ ಹೊರೆ ಒಳಬದಿಯ ಸ್ನಾಯುಗಳಿಗೆ ಹೋಗುತ್ತದೆ. ಚೀಲ, ಬಕೆಟ್, ಪಾತ್ರೆ ಎಲ್ಲಕ್ಕೂ ಇದೇ ನಿಯಮ. ತೆಳ್ಳನೆಯ ಹಿಡಿಗಳಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ. ಕಂಪ್ಯೂಟರ್ ಮೌಸ್ ದೂರವಿದ್ದು ಕೈ ಚಾಚಿ ಹಿಡಿಯುವಂತಿದ್ದರೆ ಹತ್ತಿರಕ್ಕೆ ತಂದುಕೊಳ್ಳಿ, ಮಣಿಕಟ್ಟು ಮೇಲಕ್ಕೆ ಬಾಗದಂತೆ ನೋಡಿಕೊಳ್ಳಿ. ಟೆನ್ನಿಸ್ ಆಡುವವರು ಯಾರಾದರೂ ಇದ್ದರೆ, ನಿಮ್ಮ ಬ್ಯಾಕ್‌ಹ್ಯಾಂಡನ್ನು ತರಬೇತುದಾರರಿಗೆ ತೋರಿಸಿ. ಮೊಣಕೈಯನ್ನು ಮುಂದೆ ಮಾಡಿ, ಮಣಿಕಟ್ಟನ್ನು ಬಾಗಿಸಿ ಒಂಟಿ ಕೈಯಲ್ಲಿ ಹೊಡೆಯುವ ಹೊಸಬರಿಗೆ ಇದು ಹೆಚ್ಚು ಕಾಡುತ್ತದೆ. ಎರಡು ಕೈಗಳ ಬ್ಯಾಕ್‌ಹ್ಯಾಂಡಿನಲ್ಲಿ ಹೊರೆ ಹಂಚಿಹೋಗುತ್ತದೆ.

ಮುಂದೋಳಿನ ಪಟ್ಟಿಯ ಬಗ್ಗೆ ಚೀಟಿ ಬಂದಿದೆ. ಕೆಲಸ ಮಾಡುವಾಗ ಕಟ್ಟಿಕೊಂಡರೆ ಕೆಲವರಿಗೆ ಹಾಯೆನಿಸುತ್ತದೆ, ಕಟ್ಟಿಕೊಳ್ಳಿ. ಮೊಣಕೈಯ ಉಬ್ಬಿನ ಮೇಲಲ್ಲ, ಅದಕ್ಕಿಂತ ಎರಡು ಬೆರಳು ಕೆಳಗೆ. ಮಲಗುವಾಗ ಬಿಚ್ಚಿಡಿ.

ಎಲ್ಲ ಮೊಣಕೈ ನೋವೂ ಟೆನ್ನಿಸ್ ಎಲ್ಬೋ ಅಲ್ಲ ಎಂಬುದನ್ನು ಮಾತ್ರ ಮರೆಯಬೇಡಿ. ನೋವು ಒಳಬದಿಯಲ್ಲಿದ್ದರೆ ಅದರ ಕಥೆಯೇ ಬೇರೆ, ನಾನು ಹೇಳಿದ ವ್ಯಾಯಾಮಗಳ ದಿಕ್ಕೂ ಬೇರೆಯಾಗುತ್ತದೆ. ಬೆರಳುಗಳಲ್ಲಿ ಜೋಮು, ಕುತ್ತಿಗೆ ತಿರುಗಿಸಿದಾಗ ಕೈಗೆ ಹರಿಯುವ ನೋವು ಇದ್ದರೆ ಕುತ್ತಿಗೆಯ ನರವನ್ನು ಪರೀಕ್ಷಿಸಬೇಕು. ಬೆರಳುಗಳನ್ನು ನೆಟ್ಟಗೆ ಚಾಚಲು ಬಲವೇ ಇಲ್ಲವಾದರೆ, ಕೀಲು ಊದಿಕೊಂಡು ಬಿಸಿಯಾಗಿದ್ದರೆ, ಜ್ವರವಿದ್ದರೆ, ಬಿದ್ದ ಮೇಲೆ ನೋವು ಶುರುವಾಗಿದ್ದರೆ ಸ್ಟ್ರೆಚಿಂಗ್ ಮಾಡುತ್ತ ಕೂರಬೇಡಿ, ವೈದ್ಯರನ್ನು ಕಾಣಿ.

ಕೊನೆಯ ಪ್ರಶ್ನೆ, ಮತ್ತೆ ಆಡಲು ಅಥವಾ ಭಾರದ ಕೆಲಸಕ್ಕೆ ಇಳಿಯಲು ಕೈ ಸಿದ್ಧವಾಗಿದೆಯೆಂದು ತಿಳಿಯುವುದು ಹೇಗೆ? ಹಗುರವಾದ ಕುರ್ಚಿಯ ಹಿಂದೆ ನಿಂತು, ಮೊಣಕೈ ನೆಟ್ಟಗಿರಿಸಿ, ಅಂಗೈ ಕೆಳಮುಖವಾಗಿ ಅದರ ಬೆನ್ನನ್ನು ಹಿಡಿದು ಎತ್ತಿ. ನೋವನ್ನು ಕೆರಳಿಸಲು ಇದಕ್ಕಿಂತ ಒಳ್ಳೆಯ ಭಂಗಿ ಇಲ್ಲ, ಅದಕ್ಕೇ ಇದು ಒಳ್ಳೆಯ ಪರೀಕ್ಷೆ. ಎತ್ತುವಾಗಲೂ ಮರುದಿನ ಬೆಳಿಗ್ಗೆಯೂ ನೋವಿಲ್ಲದಿದ್ದರೆ ವಾರಕ್ಕೆ ಎರಡು ದಿನ, ಅರ್ಧ ಹೊತ್ತಿನ ಆಟದಿಂದ ಶುರುಮಾಡಿ. ಭಾರ ಇಳಿಸುವ ವ್ಯಾಯಾಮವನ್ನು ಇನ್ನೂ ಎರಡು ಮೂರು ತಿಂಗಳು ವಾರಕ್ಕೆ ಎರಡು ಸಲವಾದರೂ ಮುಂದುವರಿಸಿ. ಸ್ಟ್ರೆಚಿಂಗ್ ಮಾಡಿದರೆ ಹಾಯೆನಿಸುವುದಾದರೆ ಮಾಡಿ. ಆ ಹೊತ್ತಿಗೆ ಅದರ ಅಗತ್ಯವೇನೂ ಇರುವುದಿಲ್ಲ.